ಹೊಳೆ ದಾಟಲು ಎಷ್ಟು ಕವಡೆ

ಹೊಳೆದಂಡೆಯ ಮಠವೊಂದರಲ್ಲಿ ಶಿಷ್ಯರು ಬಿಡುವಿದ್ದಾಗ ಕಥೆಯಾಟ ಆಡುತ್ತಿದ್ದರು. ಒಬ್ಬ ಕಥೆ ಹೇಳುವವ, ಉಳಿದವರು ಕಥೆಯೊಳಗಿನ ಜನ. ಯಾರಿಗಾದರೂ ಆಪತ್ತು ಬಂದರೆ ಎಷ್ಟು ಕವಡೆ ಅಂಗಾತ ಬೀಳಬೇಕೆಂದು ಕಥೆ ಹೇಳುವವನು ಆಟದ ನಿಯಮದ ಪುಸ್ತಕ ನೋಡಿ ಹೇಳಬೇಕು. ಅಷ್ಟು ಬಿದ್ದರೆ ಪಾರು.

ಚೆನ್ನವೀರ ಹೇಳಿದ ಕಥೆಯಲ್ಲಿ ಈರಣ್ಣನ ಬಳೆಗಾರ ಹೊಳೆಪಾಲಾದ. ವರ್ಷದಿಂದ ಈರಣ್ಣ ಆಡಿ ಬೆಳೆಸಿದ್ದ ಪಾತ್ರ ಅದು. ಅಂದಿನಿಂದ ಈರಣ್ಣ ಗೆಳೆಯ ಚೆನ್ನವೀರನ ಪಕ್ಕ ಊಟಕ್ಕೂ ಕೂರಲಿಲ್ಲ.

ತಪ್ಪು ನಿಯಮದ್ದೇ ಇರಬೇಕು, ತಪ್ಪಿಲ್ಲದ ನಿಯಮ ತೋರಿಸಿದರೆ ಈರಣ್ಣ ಮಾತಾಡಿಯಾನು ಎಂದು ಚೆನ್ನವೀರನ ಆಸೆ. ತಮ್ಮ ಮಠದ ಪುಸ್ತಕದ ಜೊತೆ ಇನ್ನೆರಡು ಮಠಗಳದ್ದನ್ನೂ ತರಿಸಿ ಹೋಲಿಸಲು ಕುಳಿತ. ತಲೆನೋವಂತೂ ಸಿಕ್ಕಿತು.

ಎಂಟನೆಯ ದಿನ ಗುರುಗಳು ಬಂದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

“ಏನ್ ಸಿಕ್ತೋ?”

“ಒಂದೂ ನೆಟ್ಟಗಿಲ್ರಿ ಅಜ್ಜಾರ. ನಮ್ಮದರಾಗ ಹೊಳಿ ದಾಟಾಕ ನಾಕು ಬೀಳಬೇಕು. ಮಳಿಗಾಲಕ್ಕ ಮೂರು ಸಾಕಂತ. ಮಳಿಗಾಲದಾಗ ಹೊಳಿ ಸಣ್ಣದಾಗತೈತೇನ್ರಿ?”

“ಉಳಿದೆರಡು?”

“ಒಂದರಾಗ ಹೊಳಿ ಐತಿ, ಈಜೋರಿಗೆ ನಿಯಮ ಇಲ್ಲ. ಇನ್ನೊಂದರಾಗ ಈಜೋರು ಅದಾರ, ಹೊಳೀನೇ ಇಲ್ಲ.”

ಅಜ್ಜಾರು ನಗುತ್ತ ಕುಳಿತರು.

“ಆಗಲಿ, ನಾನೂ ಆಡತೀನಿ. ನಾನೊಬ್ಬ ಬಳೆಗಾರ. ಹೊಳಿ ದಾಟಬೇಕು. ಎಷ್ಟು ಬೀಳಬೇಕು?”

“ನಿಮಗಾದ್ರ ಮೂರು ಸಾಕ್ರಿ.”

ಅಜ್ಜಾರು ಎಸೆದ ಆರು ಕವಡೆಯಲ್ಲಿ ಎರಡೇ ಅಂಗಾತ ಬಿದ್ದವು.

“ದಂಡಿ ಮ್ಯಾಲಿನ ಬೇರು ನಿಮ್ಮ ಕೈಗೆ ಸಿಕ್ತರಿ,” ಎಂದು ಚೆನ್ನವೀರ ಅವಸರವಾಗಿ ಹೇಳಿದ. “ಪಾರಾದ್ರಿ.”

“ಈರಣ್ಣಗ ಎಷ್ಟು ಬೀಳಬೇಕು ಅಂದಿದ್ದಿ?”

“ಐದು.”

“ಬಿದ್ದದ್ದು?”

“ನಾಕು.”

“ಆ ಐದು ಯಾವ ಪುಸ್ತಕದಾಗೈತಿ?”

ಚೆನ್ನವೀರ ಹಾಳೆ ತಿರುವಿದ. ಮೂರೂ ಪುಸ್ತಕಗಳಲ್ಲಿ ಐದು ಇರಲಿಲ್ಲ. ಅದು ಅವನಿಗೆ ಮೊದಲೇ ಗೊತ್ತಿತ್ತು, ಆದರೂ ಹುಡುಕಿದ. ಕೊನೆಗೆ ಪುಸ್ತಕ ಮುಚ್ಚಿಟ್ಟ.

“ಆವತ್ತು ಅವ ನನ್ನ ಕಥಿ ಕೇಳಿ ನಕ್ಕಿದ್ದರಿ,” ಎಂದ. “ಸಿಟ್ಟು ಬಂದಿತ್ತು.”

ಅಜ್ಜಾರು ಹೂಂ ಎಂದರು.

“ಇನ್ನ ಮ್ಯಾಲೆ ನಾ ಕಥಿ ಹೇಳೂದಿಲ್ರಿ ಅಜ್ಜಾರ.”

ಅಜ್ಜಾರು ಕವಡೆಗಳನ್ನು ಬಳಿದು ಅವನ ಅಂಗೈಗೆ ಸುರಿದರು.

“ಹೇಳು. ಈಗ ನನಗ ಹೇಳಿದ್ದನ್ನ ಈರಣ್ಣಗ ಹೇಳು. ಈ ಸಲ ಎಷ್ಟು ಬೀಳಬೇಕು ಅನ್ನೂದನ್ನ ಅವ ಹೇಳಲಿ.”