ತಿಮ್ಮಾಜಮ್ಮನ ಕೈಗಂಧ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಮುಂಚೆ, ಕೇದಿಗೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ತಿಮ್ಮಾಜಮ್ಮ ಅಂತ ಒಬ್ಬ ಗಂಧಿಗರ ಹೆಂಗಸು ಇದ್ದಳಂತೆ. ಗಂಧಿಗರು ಅಂದರೆ ಹೂವಿಂದ ಅತ್ತರು ಇಳಿಸೋರು. ಅವಳ ಮೂಗು ಎಂಥದ್ದು ಅಂತೀರಿ? ಹೊಳೆಯಾಚೆ ಯಾರ ಮನೇಲಿ ಒಗ್ಗರಣೆ ಸೀದುಹೋಯ್ತು ಅಂತ ಈಚೆ ದಡದಲ್ಲಿ ಕೂತು ಹೇಳ್ತಿದ್ದಳಂತೆ. ಬಾವಿ ತೋಡೋ ಮುಂಚೆ ಹಿಡಿ ಮಣ್ಣು ಮೂಸಿ, ನೀರು ಸಿಹಿಯೋ ಉಪ್ಪೋ ಅಂತ ಹೇಳ್ತಿದ್ದಳಂತೆ. ಸತ್ತು ಹನ್ನೆರಡು ವರ್ಷ ಆದಮೇಲೂ ಅವಳ ಸೀರೆ ಘಮಘಮ ಅಂತಿತ್ತಂತೆ. ಹಾಗಂತಾರೆ. ನಾನೇನು ಮೂಸಿ ನೋಡಿಲ್ಲ, ನಗಬೇಡಿ. ಆದರೆ ಈಗ ಹೇಳೋದು ಮಾತ್ರ ನಿಜ. ಯಾಕಂದ್ರೆ ಇದನ್ನ ಹೇಳಿದವಳು ಅವಳ ಕಡೆಯವಳಲ್ಲ, ಅವಳ ಬೀಗಿತ್ತಿ. ಯಾವ ಬೀಗಿತ್ತಿ ಇಲ್ಲದ ಹೊಗಳಿಕೆ ಹೇಳ್ತಾಳೆ?

ತಿಮ್ಮಾಜಮ್ಮನ ಹಿತ್ತಲಲ್ಲಿ ಒಂದು ಮನೋರಂಜಿನಿ ಬಳ್ಳಿ. ಆ ಹೂವು ನೋಡೋಕೆ ಏನೂ ಇಲ್ಲ, ಎಲೆ ಹಾಗೇ ಹಸಿರು, ಎಲೆ ಸಂದೀಲಿ ಅಡಗಿಕೊಂಡಿರುತ್ತೆ. ಬಲಿತು ಹಳದಿ ತಿರುಗಿದಾಗ ನೋಡಿ ಅದರ ಜಂಬ! ಹೂವಿನ ವಾಸನೆಯೋ ಹಣ್ಣಿನ ವಾಸನೆಯೋ ತಿಳಿಯೋದಿಲ್ಲ. ನೀವು ಯಾವ ಹಣ್ಣು ನೆನೆಸಿಕೊಂಡರೆ ಆ ಹಣ್ಣಿನ ವಾಸನೆ ಬರುತ್ತೆ ಅಂತಾರೆ. ಆ ಹೂವನ್ನ ಹಂಡೇಲಿ ಬೇಯಿಸಿ, ಅದರ ಆವೀನ ಬಿದಿರು ಕೊಳವೇಲಿ ಹಾಯಿಸಿ, ಶ್ರೀಗಂಧದ ಎಣ್ಣೆಗೆ ಇಳಿಸಿ ಅವಳು ಅತ್ತರು ಮಾಡ್ತಿದ್ದಳು.

ಆ ಅತ್ತರು ಮೈಗೆ ಪೂಸಿಕೊಳ್ಳೋ ಶೋಕಿಗಲ್ಲ. ಆ ಸೀಮೆಯಲ್ಲಿ ಹೆಣ್ಣು ಒಪ್ಪೋದಕ್ಕೆ ಕೈಗಂಧ ಅಂತ ಒಂದು ಶಾಸ್ತ್ರ ಇತ್ತು. ಹುಡುಗಿಯ ಬಲಗೈ ಮಣಿಕಟ್ಟಿಗೆ ಗಂಧಿಗರವಳು ಒಂದು ಹನಿ ಹಚ್ಚಬೇಕು. ಗಂಡಿನ ತಾಯಿ ಒಂದೇ ಒಂದು ಉಸಿರು ಮೂಸಬೇಕು. ಹಣ್ಣು ಘಮ್ಮಂದರೆ ತಾಂಬೂಲ. ಹುಳಿ ಬಂದರೆ ಎದ್ದು ಹೋಗೋದು. ಎರಡನೇ ಉಸಿರು ಎಳೆಯೋ ಹಾಗಿಲ್ಲ. ಒಪ್ಪಿಗೆ ಆದ ತಕ್ಷಣ ಹುಡುಗಿ ಕೈ ತೊಳೆದು ಒಳಗೆ ಹೋಗಿ ಪಾಯಸಕ್ಕೆ ಇಡಬೇಕು. ಹುಳಿ ಬಂದವಳೂ ಆಗಲೇ ತೊಳೆದುಬಿಡೋಳು. ಹಾಗಾಗಿ ಆ ಹನಿ ಮೈಮೇಲೆ ಉಳಿದರೆ ಮುಂದೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮಾಡಿದ ತಿಮ್ಮಾಜಮ್ಮನಿಗೇ ಗೊತ್ತಿರಲಿಲ್ಲ, ಕೇಳಿ! ಅವಳು ಹತ್ತಿಗೆ ಅದ್ದಿ ಮೂಸಿ, ಸರಿ ಅಂತ ಕುಪ್ಪಿಗೆ ಬಿರಟೆ ಹಾಕೋಳು ಅಷ್ಟೆ.

ಅವಳಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳು ಚೆಲುವಿ. ಹುಟ್ಟಿನಿಂದಲೂ ಬಿಸಿ ಮೈಯವಳು, ಚಳಿಗಾಲದಲ್ಲೂ ಕಂಬಳಿ ಒದೆಯೋಳು. ಊರೂರಿನ ಹೆಣ್ಣುಮಕ್ಕಳ ಕೈಗೆ ಗಂಧ ಹಚ್ಚಿ ಮನೆ ತುಂಬಿಸಿದವಳು ತನ್ನ ಮಗಳ ಕೈಗೆ ಹಚ್ಚಿದಳು ನೋಡಿ, ಹಚ್ಚಿದ ಬೆರಳು ತೆಗೆಯೋದರೊಳಗೆ ಹುಳಿ ಬಂತು. ಬಂದವರು ಎದ್ದು ಹೋದರು. ವರ್ಷ ಬಿಟ್ಟು ಇನ್ನೊಬ್ಬರು ಬಂದರು. ಮತ್ತೆ ಹುಳಿ. ಅವರೂ ಹೋದರು. ಇನ್ನು ಉಳಿದದ್ದು ಒಂದೇ ಸಲ, ಯಾಕಂದ್ರೆ ಮೂರು ಸಲ ಹುಳಿ ಬಂದ ಕೈಯನ್ನ ಆ ಸೀಮೇಲಿ ಯಾರೂ ಹಿಡಿಯೋರಲ್ಲ. ದೊಡ್ಡವಳು ಮದುವೆಯಿಲ್ಲದೆ ಕೂತರೆ ಚಿಕ್ಕವರಿಬ್ಬರೂ ಕೂತ ಹಾಗೇ. ತಿಮ್ಮಾಜಮ್ಮನಿಗೆ ಊಟ ಸೇರದೆ ಹೋಯ್ತಂತೆ.

ಆ ಎರಡನೇ ಸಲ ಒಂದು ಸಂಗತಿ ನಡೀತು. ಬಂದವರು ಹೋದಮೇಲೆ ಚೆಲುವಿ ಸಿಟ್ಟಿಗೆ ಕೈ ತೊಳೆಯಲಿಲ್ಲ. ಇದೇ ನನ್ನ ಹಣೆಬರಹ ಆದರೆ ಇರಲಿ ಬಿಡು ಅಂತ ಮೂಲೇಲಿ ಕೂತಳು. ದೀಪ ಹಚ್ಚೋ ಹೊತ್ತಿಗೆ ಸೊಡರಿಗೆ ಎಣ್ಣೆ ಹಾಕೋಕೆ ಅಂತ ತಾಯಿ ಪಕ್ಕಕ್ಕೆ ಬಂದಳು. ತಿಮ್ಮಾಜಮ್ಮನ ಮೂಗು ಅರಳಿತು. ಈ ಘಮ ಎಲ್ಲಿಂದ ಅಂತ ಸುತ್ತಮುತ್ತ ಹುಡುಕಿದಳು. ಕಡೆಗೆ ಮಗಳ ಕೈ ಎಳೆದು ಮೂಸಿದರೆ, ಹುಳಿ ಇಲ್ಲ, ಹಣ್ಣೂ ಇಲ್ಲ, ಬರೀ ಹೂವು! ತಣ್ಣಗೆ, ಬೆಳಗಿನ ಜಾವ ಬಳ್ಳಿ ಕೆಳಗೆ ನಿಂತ ಹಾಗೆ. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರಂತೆ.

ಆದರೆ ಮೂಸೋರು ಒಂದೇ ಉಸಿರು ಮೂಸಿ ಎದ್ದು ಹೋಗ್ತಾರಲ್ಲ, ಸಂಜೆವರೆಗೆ ಯಾರು ಕೂರ್ತಾರೆ? ಅದೂ ಅಲ್ಲದೆ, ಒಂದು ಸಲ ಆದದ್ದು ಇನ್ನೊಂದು ಸಲ ಆಗುತ್ತೆ ಅಂತ ಏನು ಭರವಸೆ? ಮತ್ತೆ ಹಚ್ಚಿ ನೋಡೋಣ ಅಂದರೆ ಹೂವಿನ ಕಾಲ ಮುಗಿದಿತ್ತು. ಕುಪ್ಪಿಯ ತಳದಲ್ಲಿ ಉಳಿದದ್ದು ಎರಡೇ ಹನಿ. ಅಷ್ಟರಲ್ಲಿ ಹಲಗೇರಿ ಬೋರಮ್ಮ ಮಗನಿಗೆ ಹೆಣ್ಣು ನೋಡೋಕೆ ಬರ್ತೀನಿ ಅಂತ ಹೇಳಿಕಳಿಸಿದಳು.

ಈ ಬೋರಮ್ಮ ಅಂದರೆ ಸುತ್ತ ಹಳ್ಳಿಯವರಿಗೆಲ್ಲ ನಡುಕ. ಅವಳ ಹೆಮ್ಮೆ ಒಂದೇ, ತನ್ನ ಕೈಗುಣ. ತಾನು ಹಾಕಿದ ಉಪ್ಪಿನಕಾಯಿ ಏಳು ವರ್ಷ ಕೆಡೋದಿಲ್ಲ, ತಾನು ಹೆಪ್ಪು ಹಾಕಿದ ಮೊಸರು ಹುಳಿಯಾಗೋದಿಲ್ಲ ಅಂತ ಹೋದ ಕಡೆಯೆಲ್ಲ ಹೇಳೋಳು. ಅವಳು ನೆಂಟರನ್ನ ಕಟ್ಟಿಕೊಂಡು ಬೆಳಿಗ್ಗೆಯೇ ಬಂದು ನಡುಮನೇಲಿ ಕೂತಳು.

ಚೆಲುವಿ ಕೈ ಚಾಚಿದಳು. ತಿಮ್ಮಾಜಮ್ಮ ಕಡ್ಡೀಲಿ ಒಂದು ಹನಿ ತೆಗೆದು ಹಚ್ಚಿದಳು. ಬೋರಮ್ಮ ಬಗ್ಗಿ ಮೂಸಿದಳು. ಹುಳಿ. ಮುಖ ಸಿಂಡರಿಸಿ ಎದ್ದಳು. ಎಲ್ಲ ಮುಗೀತು ಅಂತ ಚಿಕ್ಕ ಹೆಣ್ಣುಮಕ್ಕಳು ಬಾಗಿಲ ಹಿಂದೆ ಬಿಕ್ಕಿದರು. ಆಗ ತಿಮ್ಮಾಜಮ್ಮ ಯಾರೂ ಮಾಡದ ಕೆಲಸ ಮಾಡಿದಳು. ಹೋಗ್ತಿದ್ದವಳ ಕೈ ಹಿಡಿದು, ಉಳಿದ ಇನ್ನೊಂದು ಹನೀನ ಅವಳ ಮಣಿಕಟ್ಟಿಗೆ ಹಚ್ಚಿಬಿಟ್ಟಳು.

“ಬೋರಮ್ಮನವರೇ, ಮರದಲ್ಲಿ ಹೂ ಹಣ್ಣಾಗುತ್ತೆ, ಕೈ ಮೇಲೆ ಹಣ್ಣು ಕೆಟ್ಟು ಹೂವಾಗುತ್ತೆ. ಬಿಸಿ ಮೈಯಲ್ಲಿ ಬೇಗ ಕೆಡುತ್ತೆ, ಅಷ್ಟೆ. ದೀಪ ಹಚ್ಚೋವರೆಗೆ ಇಬ್ಬರೂ ಕೂತಿರಿ. ನಿಮ್ಮ ಕೈ ಒಂದು ಚೂರೂ ಕೆಡದೆ ಹಣ್ಣಾಗೇ ಉಳಿದರೆ, ಅಥವಾ ನನ್ನ ಮಗಳ ಕೈ ಹೂವಾಗದೆ ಹೋದರೆ, ನನ್ನ ಹಂಡೇನ ನಾನೇ ಹೊಳೆಗೆ ಎಸೀತೀನಿ. ಇಲ್ಲದಿದ್ದರೆ ತಾಂಬೂಲ ಕೊಡಿ.”

ಬೋರಮ್ಮ ತನ್ನ ಕೈ ಮೂಸಿದಳು. ಮಾಗಿದ ಸೀಬೆಹಣ್ಣಿನ ವಾಸನೆ, ಬಾಯಲ್ಲಿ ನೀರೂರೋ ಹಾಗೆ. ನಕ್ಕಳು. ನನ್ನ ಕೈ ಕೆಡೋದೇ, ನೋಡಿಯೇ ಬಿಡೋಣ ಅಂತ ಚಾಪೆ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಳು.

ಕೂತರು. ಬಿಸಿಲೇರಿತು. ಚೆಲುವಿ ಬಲಗೈಯನ್ನ ಮಡಿಲಲ್ಲಿ ಇಟ್ಟುಕೊಂಡು ಅಲುಗಾಡದೆ ಕೂತಿದ್ದಳು. ಗಂಧದ ಕೈ ಅಂತ ತುತ್ತು ಅನ್ನವನ್ನೂ ಉಣ್ಣಲಿಲ್ಲ. ತಿಮ್ಮಾಜಮ್ಮ ಗಳಿಗೆಗೊಮ್ಮೆ ಹತ್ತಿರ ಸುಳಿದು ಮಗಳ ಕಡೆ ಮೂಗು ಮಾಡೋಳು. ಹುಳಿ. ಇನ್ನೂ ಹುಳಿ. ಮಧ್ಯಾಹ್ನ ಆಯ್ತು. ಹುಳಿ ಹೋಯ್ತು, ಆದರೆ ಹೂ ಬರಲಿಲ್ಲ. ಏನೂ ಇಲ್ಲ, ಬರೀ ಚರ್ಮ. ಅತ್ತರು ಸತ್ತೇ ಹೋಯ್ತೋ ಏನೋ ಅಂದುಕೊಂಡಳು. ನಾನೇ ನನ್ನ ಮಗಳ ಬಾಳು ಹಾಳು ಮಾಡಿದೆ ಅಂತ ಒಲೆ ಮುಂದೆ ಕೂತು ಸೆರಗು ಕಚ್ಚಿಕೊಂಡಳಂತೆ.

ಅದೇ ಹೊತ್ತಿಗೆ ಬೋರಮ್ಮ ಯಾರಿಗೂ ಕಾಣದ ಹಾಗೆ ಸೆರಗಿನೊಳಗೆ ಕೈ ತಂದು ಮೂಸಿದಳು. ಮೂಸಿದವಳ ಮುಖ ಬಿಳುಚಿಕೊಂಡಿತು. ಸೀಬೆಹಣ್ಣು ಎಲ್ಲಿ ಬಂತು? ಬಿದ್ದು ಕೊಳೆತ ಹಲಸಿನ ನಾತ! ಮೂವತ್ತು ವರ್ಷದ ಕೈಗುಣ, ಇಷ್ಟು ಜನ ನೆಂಟರ ಮುಂದೆ. ಏನೋ ನೆಪ ಹೇಳಿ ಹಿತ್ತಲಿಗೆ ಹೋದಳು. ನೀರು ಮೊಗೆದು, ಸೀಗೇಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡಳು. ತೊಳೆದು ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ತಿಮ್ಮಾಜಮ್ಮ ನಿಂತಿದ್ದಳು. ತಿಮ್ಮಾಜಮ್ಮ ಹೇಳಿಬಿಟ್ಟಿದ್ದರೆ ಅಲ್ಲಿಗೆ ಗೆದ್ದಂತೆ. ಆದರೆ ಹಾಗೆ ಗೆದ್ದ ಮನೇಲಿ ಮಗಳು ಬಾಳಬೇಕಲ್ಲ? ತುಟಿ ಹೊಲಿದುಕೊಂಡು ಒಳಗೆ ಹೋದಳು.

ಹೊತ್ತು ಮುಳುಗಿತು. ಸೊಡರು ಹಚ್ಚಿದರು. ಬೋರಮ್ಮ ಚೆಲುವಿಯ ಕೈ ತೆಗೆದುಕೊಂಡು ಒಂದು ಉಸಿರು ಮೂಸಿದಳು. ಬಿಡಲಿಲ್ಲ. ಶಾಸ್ತ್ರ ಮರೆತು ಎರಡನೇ ಉಸಿರು ಎಳೆದಳು. ಮೂರನೇದೂ ಎಳೆದಳು. ಕಣ್ಣು ಮುಚ್ಚಿಕೊಂಡು ಹೂವು ಅಂದಳು, ಅಷ್ಟೇ.

ತಿಮ್ಮಾಜಮ್ಮನಿಗೆ ಹೋದ ಜೀವ ಬಂತು. ಆದರೆ ಪಂದ್ಯ ಇನ್ನೂ ಮುಗಿದಿರಲಿಲ್ಲ. ಬೋರಮ್ಮನ ಕೈ ಏನಾಯ್ತು, ಹುಡುಗಿಯೂ ಮೂಸಿ ಹೇಳಲಿ ಅಂತ ನೆಂಟರೊಬ್ಬರು ಕೂಗಿದರು. ಬೋರಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಎಲ್ಲರ ಕಣ್ಣೂ ಅವಳ ಮೇಲೇ. ಬೇರೆ ದಾರಿ ಇಲ್ಲದೆ ಕೈ ಚಾಚಿದಳು.

ಚೆಲುವಿ ಬಗ್ಗಿ ಮೂಸಿದಳು. ಸೀಗೇಕಾಯಿ ವಾಸನೆ. ಗಂಧಿಗರ ಮನೆ ಹುಡುಗಿ, ತಿಳಿಯದೆ ಇರುತ್ತದೆಯೇ? ತಲೆ ಎತ್ತಿ ಬೋರಮ್ಮನ ಕಣ್ಣು ನೋಡಿದಳು. ಎರಡು ಸಲ ಜನ ತನ್ನ ಕೈ ಬಿಟ್ಟು ಎದ್ದು ಹೋದದ್ದು ಅವಳಿಗೆ ನೆನಪಾಗಿರಬೇಕು.

“ಹೂವಾಗಿದೆ, ಅತ್ತೆ” ಅಂದಳು.

ಇನ್ನೂ ತಾಂಬೂಲ ಕೊಟ್ಟಿಲ್ಲ, ಆಗಲೇ ಅತ್ತೆ ಅಂದುಬಿಟ್ಟಳು ನೋಡಿ! ಬೋರಮ್ಮನ ಕಣ್ಣಲ್ಲಿ ನೀರು ತುಂಬಿತು. ತಾಂಬೂಲದ ತಟ್ಟೆ ಎತ್ತಿ ಕೊಡೋಕೆ ಹೋದರೆ ಕೈ ಸಾಗಲಿಲ್ಲವಂತೆ, ತಿಮ್ಮಾಜಮ್ಮನೇ ಕೆಳಗೆ ಕೈ ಕೊಟ್ಟು ಎತ್ತಿಸಿದಳಂತೆ. ಮುಪ್ಪಿನಲ್ಲಿ ಬೋರಮ್ಮ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು, ಆವತ್ತು ನಾನು ಕೈ ತೊಳೆದಿದ್ದೆ ಕಣ್ರೇ, ನಿಮ್ಮವ್ವ ನನ್ನ ಮಾನ ಉಳಿಸಿದಳು ಅಂತ ತಾನೇ ಹೇಳಿ ಅಳೋಳಂತೆ.

ಈಗ ಆ ಬಳ್ಳಿ ಇಲ್ಲ, ಅತ್ತರು ಅಂಗಡಿ ಶೀಷೇಲಿ ಬರುತ್ತೆ. ಆದರೂ ನಮ್ಮ ಕಡೆ ಹೆಣ್ಣು ಒಪ್ಪೋ ದಿನ ಗಂಧವನ್ನ ಇಬ್ಬರ ಕೈಗೂ ಹಚ್ತಾರೆ, ಹುಡುಗಿಗೂ ಅತ್ತೆಗೂ. ದೀಪ ಹಚ್ಚೋವರೆಗೆ ಇಬ್ಬರೂ ಒಂದೇ ಚಾಪೇಲಿ ಕೂತಿರಬೇಕು. ಆಮೇಲೆ ಹುಡುಗಿ ಅತ್ತೆ ಕೈ ಮೂಸಿ, ಏನೇ ವಾಸನೆ ಇರಲಿ, ಚೆಲುವಿ ಅಂದ ಆ ಎರಡು ಮಾತು ಹೇಳಬೇಕು. ನಾನೂ ಹೇಳಿದೆ. ನಮ್ಮತ್ತೆ ಕೈ ಬೆಳ್ಳುಳ್ಳಿ ನಾತ ಹೊಡೀತಿತ್ತು, ಆಣೆ ಮಾಡಿ ಹೇಳ್ತೀನಿ. ನನ್ನ ಸೊಸೆಯೂ ನನಗೆ ಹೇಳಿದಳು. ಆವತ್ತು ನನ್ನ ಕೈ ಏನು ನಾತ ಹೊಡೀತಿತ್ತೋ, ಎಷ್ಟು ಕೇಳಿದರೂ ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.