ಕೂಸಿನ ಅಂಗಿ ಬೇಡಲು ಹೋದ ಅಡಿವೆಪ್ಪ

ಒಂದು ಊರು. ಹೆಸರು ಬೇಡ. ಹೇಳಿದರೆ ಆ ಊರಿನವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆ ಊರಲ್ಲಿ ಹನಮವ್ವ ಅಂತ ಒಬ್ಬಾಕೆ ಇದ್ದಳು. ಅವಳಿಗೊಬ್ಬ ಮಗ, ಅಡಿವೆಪ್ಪ.

ಅಡಿವೆಪ್ಪ ಸೋಮಾರಿ ಅಲ್ಲ. ಕಳ್ಳ ಅಲ್ಲ. ಹೇಳಿದ ಮಾತು ಮೀರಿದವನಲ್ಲ. ಅದೇ ತೊಂದರೆ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಎಮ್ಮೆಗೆ ನೀರು ತೋರಿಸು ಅಂದರೆ ಕೊಡ ತುಂಬ ನೀರು ತಂದ, ಎಮ್ಮೆಗೆ ತೋರಿಸಿದ, ವಾಪಸ್ ಒಯ್ದು ಇಟ್ಟ. ಹನಮವ್ವ ಹಣೆ ಹಣೆ ಬಡಿದುಕೊಂಡಳು. ಬಡಿದುಕೊಂಡು ಬಡಿದುಕೊಂಡು ಹಣೆಯೇ ಸವೆದಿತ್ತು.

ಅಂಥವನಿಗೂ ಹೆಂಡತಿ ಸಿಕ್ಕಳು. ಪಾರವ್ವ. ಅವಳು ಬೈಯುತ್ತಿರಲಿಲ್ಲ, ನಗುತ್ತಿದ್ದಳು. ಅವಳು ನಕ್ಕಳು ಅಂದರೆ ಅಡಿವೆಪ್ಪನಿಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ.

ಆಮೇಲೆ ಬಹಳ ದಿನ ಅವಳು ನಗಲಿಲ್ಲ. ಮೊದಲ ಕೂಸು ಹುಟ್ಟಿತು, ನಿಲ್ಲಲಿಲ್ಲ. ಹುಟ್ಟುವ ಮೊದಲೇ ಹೊಸ ಬಟ್ಟೆ ತಂದು ಅಂಗಿ ಹೊಲಿಸಿ ಇಟ್ಟಿದ್ದರು. ಅಂಗಿ ಉಳಿಯಿತು.

ಈಗ ಮತ್ತೆ ದಿನ ತುಂಬಿತ್ತು. ಸೂಲಗಿತ್ತಿ ಮಲಕವ್ವ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಈ ಸಲ ಹೊಸದು ಬೇಡವೇ ಬೇಡ ಅಂದಳು. ಮಕ್ಕಳು ಉಳಿದು ಬೆಳೆದ ಮನೆಗಳಿಂದ ಹಳೆ ಬಟ್ಟೆ ಬೇಡಿ ತರಬೇಕು. ಕೂಸು ಬರುವುದರೊಳಗೆ ತಂದಿಟ್ಟಿರಬೇಕು. ಬೇಡುವವರು ಹೆತ್ತವರೇ ಆಗಬೇಕು.

ಪಾರವ್ವನಿಗೆ ಹೊಸಿಲು ದಾಟಲೂ ಆಗುತ್ತಿರಲಿಲ್ಲ. ಇನ್ನು ಉಳಿದವನು ಒಬ್ಬನೇ. ಅತ್ತೆ ಸೊಸೆ ಇಬ್ಬರೂ ಅವನ ಕಡೆ ನೋಡಿದರು. ಅವನು ತನ್ನ ಹಿಂದೆ ಯಾರೋ ನಿಂತಿರಬೇಕು ಅಂತ ತಿರುಗಿ ನೋಡಿದ.

"ನೀನ ಹೋಗಬೇಕಪ್ಪಾ," ಅಂದಳು ಹನಮವ್ವ. "ಕುಂಬಾರ ಮನಿ ತುಂಬ ಮಕ್ಕಳದಾವ. ಅವರ ಸಣ್ಣ ಕೂಸಿನ ಮೈಮ್ಯಾಲಿನ ಅಂಗಿ ಬೇಡಿ ತಗೊಂಡ ಬಾ."

ಹೋದ. ಕುಂಬಾರ ಮುದುಕಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೂಸಿನ ಅಂಗಿ ಬೇಕು ಅಂದ. ತಗೊಂಡು ಹೋಗಪ್ಪ ಅಂತ ಅವಳು ಕೂತಲ್ಲಿಂದಲೇ ಹೇಳಿದಳು. ಅಂಗಳದಲ್ಲಿ ಕೂಸು ಆಡುತ್ತಿತ್ತು. ಅಂಗಿ ಅದರ ಮೈಮೇಲಿತ್ತು. ಅಡಿವೆಪ್ಪ ಕೂಸನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಮನೆ ಕಡೆ ನಡೆದ. ಕೂಸಿಗೆ ಖುಷಿ. ಅವನ ಕಿವಿ ಹಿಡಿದುಕೊಂಡು ಕುಣಿಯಿತು. ಹಿಂದಿನಿಂದ ಕುಂಬಾರ ಓಣಿಯೇ ಬೊಬ್ಬೆ ಹೊಡೆಯುತ್ತ ಬಂತು.

ಹನಮವ್ವ ಬಾಗಿಲಲ್ಲೇ ಕುಸಿದಳು. ಅಂಗಿ ತಾ ಅಂದರೆ ಕೂಸನ್ನೇ ತಂದೆಯಲ್ಲೋ ಅಂದಳು.

"ಬಿಚ್ಚಿದ್ರ ಮೈಮ್ಯಾಲಿಂದು ಹ್ಯಾಂಗಾಕ್ಕೈತಿ ಯವ್ವಾ?" ಅಂದ.

ಕುಂಬಾರಗಿತ್ತಿ ಕೂಸನ್ನು ಕಿತ್ತುಕೊಂಡು ಹೋದಳು. ಅಂಗಿಯೂ ಹೋಯಿತು. ಹನಮವ್ವ ಬಾಯಿ ನೋಯುವ ತನಕ ಬೈದಳು. ಬೈದು ಬುದ್ಧಿ ಹೇಳಿದಳು. ಬಟ್ಟೆಯೊಳಗೆ ಏನಿದ್ದರೂ ತೆಗೆದು ಅಲ್ಲೇ ಇಟ್ಟು ಬರಬೇಕು, ಬಟ್ಟೆ ಅಷ್ಟೇ ತರಬೇಕು. ಆಗಲಿ ಯವ್ವಾ ಅಂದ.

ಮರುದಿನ ಗಾಣಿಗರ ಮನೆಗೆ ಹೋದ. ಆ ಮನೆಯಾಕೆ ಒಳ್ಳೆಯವಳು. ತನ್ನ ಮಕ್ಕಳೆಲ್ಲ ತೊಟ್ಟು ಮೆತ್ತಗಾದ ಕುಂಚಿಗೆ ಕೊಟ್ಟಳು, ತಲೆಯಿಂದ ಬೆನ್ನಿನ ತನಕ ಬರುವಂಥದ್ದು. ಕಿವಿ ಮುಚ್ಚುವ ಕುಲಾವಿಯನ್ನೂ ಕೊಟ್ಟಳು. ಎಣ್ಣೆ ಕೈ ತಾಗಬಾರದು ಅಂತ ಎರಡನ್ನೂ ಒಂದು ಗೋಣಿ ತುಂಡಿನಲ್ಲಿ ಸುತ್ತಿ ಕೊಟ್ಟಳು.

ಅರ್ಧ ದಾರಿಗೆ ಬಂದಾಗ ಅಡಿವೆಪ್ಪನಿಗೆ ತಾಯಿಯ ಮಾತು ನೆನಪಾಯಿತು. ಗಂಟು ಬಿಚ್ಚಿದ. ಒಳಗೆ ಏನೋ ಇತ್ತು. ಇದ್ದದ್ದನ್ನು ತೆಗೆದು ಒಂದು ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟ. ಗೋಣಿ ತುಂಡು ಮಡಚಿ ಮನೆಗೆ ತಂದ.

ಹನಮವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎದ್ದು ಕಟ್ಟೆಗೆ ಓಡಿದಳು. ಅಲ್ಲೊಂದು ಆಡು ಕುಲಾವಿಯ ಲಾಡಿ ಅಗಿಯುತ್ತ ನಿಂತಿತ್ತು. ಕುಂಚಿಗೆ ಆಗಲೇ ಅದರ ಹೊಟ್ಟೆ ಸೇರಿತ್ತು.

ಪಾರವ್ವ ಅವತ್ತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಅಡಿವೆಪ್ಪ ಅವಳ ಬೆನ್ನು ನೋಡುತ್ತ ಬಹಳ ಹೊತ್ತು ಕೂತ.

ಹನಮವ್ವ ಮತ್ತೆ ಬೈದಳು, ಮತ್ತೆ ಬುದ್ಧಿ ಹೇಳಿದಳು. ಕೊಟ್ಟ ಗಂಟನ್ನು ದಾರಿಯಲ್ಲಿ ಬಿಚ್ಚಬಾರದು. ಸೀದಾ ಹಳ್ಳಕ್ಕೆ ಒಯ್ಯಬೇಕು. ಕಲ್ಲಿಗೆ ಬಡಿದು ಕೊಳೆ ಹೋಗುವ ತನಕ ಒಗೆಯಬೇಕು. ಬಂಡೆ ಮೇಲೆ ಒಣಗಿಸಿ ತರಬೇಕು. ಆಗಲಿ ಯವ್ವಾ ಅಂದ.

ನೇಕಾರ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಮೊಮ್ಮಕ್ಕಳು ಮರಿಮಕ್ಕಳು ಎಲ್ಲ ಕಂಡವಳು. ಅವಳು ತಾನು ಉಟ್ಟು ಉಟ್ಟು ಬೆಣ್ಣೆಯಂತಾದ ಸೀರೆ ಕೊಟ್ಟಳು. ಬಸುರಿಯ ಉಡಿಗೆ ಅಂತ ಸೀರೆಯ ಮಡಿಕೆಯಲ್ಲಿ ಒಂದು ತೆಂಗಿನಕಾಯಿ, ದೊಡ್ಡದೊಂದು ಬೆಲ್ಲದ ಉಂಡೆ, ಹಿಡಿ ಅಕ್ಕಿ ಇಟ್ಟು ಗಂಟು ಕಟ್ಟಿದಳು.

ಅಡಿವೆಪ್ಪ ಬಿಚ್ಚಲಿಲ್ಲ. ಸೀದಾ ಹಳ್ಳಕ್ಕೆ ಹೋದ. ಗಂಟನ್ನು ನೀರಲ್ಲಿ ಅದ್ದಿ ಕಲ್ಲಿಗೆ ಬಡಿದ. ಕಾಯಿ ಒಡೆದು ನೀರು ಸೋರಿತು. ಕೊಳೆ ಬಿಡುತ್ತಿದೆ ಅಂದುಕೊಂಡ. ಮತ್ತೆ ಬಡಿದ. ಬೆಲ್ಲ ಕರಗಿ ಕೆಂಪು ನೀರು ಬಂತು. ಅಬ್ಬಾ ಎಷ್ಟು ಕೊಳೆ ಅಂತ ಇನ್ನೂ ಜೋರಾಗಿ ಬಡಿದ. ಕೆಂಪು ನಿಲ್ಲುವ ತನಕ ಬಡಿದ. ಆಮೇಲೆ ಬಂಡೆ ಮೇಲೆ ಒಣಗಲು ಇಟ್ಟು ಪಕ್ಕದಲ್ಲಿ ಕೂತ. ಊರಲ್ಲಿದ್ದ ಇರುವೆಯೆಲ್ಲ ಅಲ್ಲಿಗೇ ಬಂತು. ಬರಲಿ ಬಿಡು, ಯವ್ವ ಇರುವೆ ವಿಷಯ ಏನೂ ಹೇಳಿಲ್ಲ ಅಂದುಕೊಂಡ.

ಮನೆಯಲ್ಲಿ ಬಿಚ್ಚಿದರೆ ಚಿಪ್ಪಿಗೆ ಸಿಕ್ಕಿ ಹರಿದ ಚಿಂದಿ. ಚಿಂದಿಯ ತುಂಬ ಇರುವೆ.

ಪಾರವ್ವ ಮೆಲ್ಲಗೆ ಎದ್ದು ಕೂತಳು. "ಇಂದ ನಾಳೆ ಕೂಸ ಬರತೈತಿ," ಅಂದಳು. "ಮೈಗೆ ಏನ ಸುತ್ತೂದು?"

ಅಡಿವೆಪ್ಪ ತಾಯಿಯ ಮುಖ ನೋಡಿದ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹನಮವ್ವನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. ಇನ್ನು ಮುಂದೆ ಕೂಸಿನ ಬಟ್ಟೆಗೆ ಒಂದು ಇರುವೆಯನ್ನೂ ಬಿಡಬೇಡ ಅಂದಳು. ಇರುವೆ ಅಲ್ಲ, ಯಾರನ್ನೂ ಮುಟ್ಟಗೊಡಬೇಡ. ಅದು ಕೂಸಿನದು, ಕೂಸೇ ಮುಟ್ಟಬೇಕು.

"ನೀ ಬಂದ್ರ?" ಅಂತ ಕೇಳಿದ.

"ನಾ ಬಂದ್ರೂ ಕೊಡಬ್ಯಾಡ. ನನ್ನ ಕಣ್ಣ ಮುಂದಿಂದ ಹೋಗು."

ಅಷ್ಟರಲ್ಲಿ ಊರೆಲ್ಲ ಸುದ್ದಿ ಆಗಿತ್ತು. ಹಳ್ಳದಲ್ಲಿ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ನಕ್ಕು ಮುಗಿದ ಮೇಲೆ ಪಾರವ್ವನ ನೆನಪಾಯಿತು. ಎಲ್ಲರೂ ಕೈಯಲ್ಲಿ ಒಂದೊಂದು ತುಂಡು ಹಿಡಿದುಕೊಂಡು ಬಂದರು. ಒಬ್ಬಳ ಹತ್ತಿರ ಅಂಗಿ, ಒಬ್ಬಳ ಹತ್ತಿರ ಕುಲಾವಿ, ಒಬ್ಬಳ ಹತ್ತಿರ ಸೀರೆಯ ಸೆರಗು. ಬೇಡದೆ ಕೊಟ್ಟರೆ ನಡೆಯುವುದಿಲ್ಲ ಅಂದಳು ಮಲಕವ್ವ. ಅಡಿವೆಪ್ಪನನ್ನು ಅವನ ಮನೆಯ ಬಾಗಿಲಲ್ಲೇ ಬುಟ್ಟಿ ಕೊಟ್ಟು ನಿಲ್ಲಿಸಿದಳು. ಅವನು ತನ್ನ ಮನೆ ಮುಂದೆ ನಿಂತು, ಬಂದವರಿಗೆಲ್ಲ ಕೈ ಒಡ್ಡಿ, ಕೂಸಿನ ಬಟ್ಟೆ ಕೊಡ್ರವ್ವಾ ಅಂತ ಬೇಡಿದ. ಬುಟ್ಟಿ ತುಂಬಿತು.

ಬುಟ್ಟಿ ತುಂಬಿದ್ದೇ ತಡ, ಪಾರವ್ವನಿಗೆ ಬೇನೆ ಶುರುವಾಯಿತು. ಮಲಕವ್ವ ಒಳಗೆ ಹೋದಳು. ಅಡಿವೆಪ್ಪ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೋಲು ಹಿಡಿದು, ಪಡಸಾಲೆಯಲ್ಲಿ ಕೂತ. ಒಂದು ಇರುವೆ ಬಂತು. ಓಡಿಸಿದ. ಒಂದು ನೊಣ ಬಂತು. ಓಡಿಸಿದ. ಆಮೇಲೆ ಹನಮವ್ವ ಬಂದಳು. ಅವಳನ್ನೂ ಓಡಿಸಿದ.

"ಬಟ್ಟಿ ಕೊಡೋ, ಹೊತ್ತಾತು."

"ನೀ ಬಂದ್ರೂ ಕೊಡಬ್ಯಾಡ ಅಂದಿ."

ಮಲಕವ್ವ ಬಂದಳು. ಕೊಡಲಿಲ್ಲ. ಬೈದಳು. ಕೊಡಲಿಲ್ಲ. ಹನಮವ್ವ ಮಗನ ಕಾಲು ಹಿಡಿಯುವುದೊಂದು ಬಾಕಿ. ಕಡೆಗೆ ಯಾರಿಗೆ ಕೊಡುತ್ತೀ ಅಂತ ಕೇಳಿದರೆ, "ಕೂಸ ಹೊರಗ ಬಂದು ಇಸಕೊಳ್ಳಲಿ," ಅಂದ.

ಈ ಮಾತು ಒಳಗೆ ಪಾರವ್ವನಿಗೆ ಕೇಳಿಸಿತು. ನೋವಿನ ನಡುವೆ ಅವಳಿಗೆ ನಗು ಬಂತು. ತಡೆದಳು. ಮತ್ತೆ ಬಂತು. ಎಷ್ಟೋ ದಿನದಿಂದ ನಿಂತಿದ್ದ ನಗುವೆಲ್ಲ ಒಮ್ಮೆಗೇ ಬಂತು. ಮಲಕವ್ವ ಒಳಗೆ ಓಡಿದಳು. ಪಾರವ್ವ ನಗುತ್ತ ನಗುತ್ತಲೇ ಹೆತ್ತಳು.

ಗಂಡು ಕೂಸು. ಗಟ್ಟಿಯಾಗಿ ಅತ್ತಿತು. ಮಲಕವ್ವ ಅದನ್ನು ತನ್ನ ಸೆರಗಿನಲ್ಲಿ ಹಿಡಿದು ಹೊರಗೆ ತಂದು, ಅದರ ಮುಷ್ಟಿಯನ್ನು ಬುಟ್ಟಿಗೆ ಮುಟ್ಟಿಸಿದಳು. ಅಡಿವೆಪ್ಪ ಕೋಲು ಕೆಳಗಿಟ್ಟು, ಎದ್ದು ನಿಂತು, ಎರಡೂ ಕೈಯಿಂದ ಬುಟ್ಟಿ ಒಪ್ಪಿಸಿದ. "ತಗೋರಿ, ನಿಮ್ಮದ ಐತಿ," ಅಂದ.

ಅಂಗಿ ತೊಡಿಸಿದರು. ಅದು ವರ್ಷದ ಕೂಸಿನ ಅಂಗಿ. ಕೈ ಎಲ್ಲಿದೆಯೋ ಕಾಲು ಎಲ್ಲಿದೆಯೋ ಕಾಣಲಿಲ್ಲ. ತೋಳಿನ ತುದಿ ಖಾಲಿಯಾಗಿ ಜೋತು ಬಿದ್ದಿತ್ತು.

"ದೊಡ್ಡದಾತಲ್ಲ ಯವ್ವಾ," ಅಂದ ಅಡಿವೆಪ್ಪ. ಅವನ ಮುಖ ಸಣ್ಣದಾಗಿತ್ತು.

"ಇರಲಿ ಬಿಡಪ್ಪಾ. ಕೂಸ ಬೆಳೀತೈತಿ, ಅಂಗಿ ಸರಿ ಆಕ್ಕೈತಿ," ಅಂದಳು ಹನಮವ್ವ. ಅಂದು, ರೊಟ್ಟಿ ಮಾಡಲು ಒಳಗೆ ಹೋದಳು.

ಅಡಿವೆಪ್ಪ ಕೂಸಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಅಂಗಿಯ ತೋಳನ್ನೇ ನೋಡತೊಡಗಿದ.

ಹನಮವ್ವ ಉಣ್ಣಲು ಕರೆದಳು. ಬರಲಿಲ್ಲ. ರೊಟ್ಟಿ ಆರುತ್ತದೆ ಅಂದಳು. ಬರಲಿಲ್ಲ. ಅವಳೇ ಬಂದು, ಇಲ್ಲಿ ಕೂತು ಏನು ಮಾಡುತ್ತೀಯೋ ಅಂತ ಗದರಿದಳು.

"ಕೂಸ ಬೆಳದು ಬೆರಳ ಹೊರಗ ಬರಲಿ, ಉಣ್ಣಾಕ ಬರತೀನಿ," ಅಂದ.

ಹನಮವ್ವ ಹಣೆಗೆ ಕೈ ಎತ್ತಿದಳು. ಪಾರವ್ವ ಮಲಗಿದಲ್ಲಿಂದಲೇ ಬೇಡ ಅಂದಳು.

"ಇರಲಿ ಬಿಡ್ರಿ ಅತ್ತಿ. ಬೆರಳ ಬರೂ ತನಕ ಕುಂದರ್ಲಿ."

ಅವನ ಪಾಲಿನ ರೊಟ್ಟಿ ಮುಚ್ಚಿಟ್ಟರು.