ಪಾಪಮ್ಮನ ಮೀನುಗಳೂ ಸೋಸುವ ಗಡಿಗೆಯೂ

ಒಂದು ಕಾಡಿನಲ್ಲಿ ಮೀನು ಸಾಕುವ ಕರಡಿಯೊಂದಿತ್ತು. ಹೆಸರು ಪಾಪಮ್ಮ. ಮೀನು ತಿನ್ನುವ ಕರಡಿಯನ್ನು ಎಲ್ಲರೂ ಕಂಡಿದ್ದರು, ಸಾಕುವ ಕರಡಿಯನ್ನು ಯಾರೂ ಕಂಡಿರಲಿಲ್ಲ. "ಇವತ್ತಲ್ಲ ನಾಳೆ ತಿಂತಾಳೆ, ನೋಡ್ತಿರಿ" ಎಂದು ಕೋತಿಗಳು ಆಡಿಕೊಂಡವು. ಪಾಪಮ್ಮ ತಿನ್ನಲಿಲ್ಲ. ಬತ್ತುತ್ತಿದ್ದ ಹಳ್ಳದಿಂದ ಆ ಮೀನುಗಳನ್ನು ಒಂದೊಂದಾಗಿ ಬಾಯಲ್ಲಿ ಇಟ್ಟುಕೊಂಡು ತಂದವಳು ಅವಳೇ. ಅಷ್ಟು ದೂರ ನುಂಗದೆ ತಂದ ಮೇಲೆ ಅವು ಮಕ್ಕಳೇ ಆಗಿಬಿಟ್ಟಿದ್ದವು.

ಮೀನುಗಳ ಮನೆ ಒಂದು ಬಂಡೆಯ ಹೊಂಡ. ನೀರು ಬರುವ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ. ನಿಂತ ನೀರು ಕೆಡುತ್ತದೆಂದು ಪಾಪಮ್ಮನಿಗೆ ಗೊತ್ತಿತ್ತು. ಅದಕ್ಕೇ ಹೊಂಡದ ದಂಡೆಯ ಮೇಲೆ, ಬುಡದಲ್ಲಿ ತೂತಿದ್ದ ಒಂದು ಗಡಿಗೆಯನ್ನು ಕಲ್ಲುಗಳ ಮೇಲೆ ಕೂರಿಸಿದ್ದಳು. ಒಳಗೆ ಜಲ್ಲಿ, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಈಚಲ ನಾರಿನ ಮೆತ್ತೆ. ಆ ದಾರಿಯಲ್ಲಿ ಹೋಗುವ ಆನೆ ದಿನವೂ ಹೊಂಡದ ನೀರನ್ನು ಸೊಂಡಿಲಲ್ಲಿ ಎತ್ತಿ ಗಡಿಗೆಗೆ ಹೊಯ್ಯುತ್ತಿತ್ತು. ನೀರು ಸೋಸಿಕೊಂಡು ತೂತಿನಿಂದ ಮತ್ತೆ ಹೊಂಡಕ್ಕೇ ಬೀಳುತ್ತಿತ್ತು. ಹೊಲಸು ನಾರಿನಲ್ಲಿ ಉಳಿಯುತ್ತಿತ್ತು.

ಆ ನಾರನ್ನು ಆಗಾಗ ತೆಗೆದು ಅಲುಬಬೇಕು. ಪಾಪಮ್ಮನ ಉಗುರಿಗೆ ಸಿಕ್ಕರೆ ನಾರು ಚಿಂದಿಯಾಗುತ್ತಿತ್ತು. ಹಾಗಾಗಿ ಅವಳು ಆ ಕೆಲಸಕ್ಕೆ ನರಿಯನ್ನು ಇಟ್ಟುಕೊಂಡಳು. ಕೂಲಿ, ಜೇನು.

"ಹೊಂಡದ ನೀರನ್ನೇ ದೊನ್ನೆಯಲ್ಲಿ ತಗೊಂಡು ಅದರಲ್ಲಿ ಅಲುಬು. ಉಜ್ಜಬೇಡ," ಎಂದಳು ಪಾಪಮ್ಮ. "ನಾರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಮೀನಿನ ಹೊಲಸು ತಿನ್ನೋದು ಅವೇ. ಉಜ್ಜಿದರೆ ಅವೂ ಹೋಗ್ತವೆ."

"ಅಲುಬೋದರಲ್ಲಿ ನಮ್ಮ ಮನೆತನವೇ ಹೆಸರುವಾಸಿ," ಎಂದಿತು ನರಿ.

ಮೊದಲ ಸಲ ನರಿ ನಾರನ್ನು ಬಾಯಲ್ಲಿ ಕಚ್ಚಿ ಎತ್ತಿತು. ವಾಸನೆಗೆ ಅದರ ಮೀಸೆ ನೆಟ್ಟಗಾಯಿತು. ನಾರನ್ನು ಇದ್ದಲ್ಲೇ ಬಿಟ್ಟು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಒಂದು ಹಿಡಿ ಸೊಪ್ಪು ತಂದು ಗಡಿಗೆಯ ಹೊರಮೈಯನ್ನು ಚೆನ್ನಾಗಿ ತಿಕ್ಕಿತು. ಗಡಿಗೆ ಫಳಫಳ ಹೊಳೆಯಿತು. ಪಾಪಮ್ಮ ಬಂದು ನೋಡಿ ಸಂತೋಷಪಟ್ಟು ಜೇನು ಕೊಟ್ಟಳು. ಅಲ್ಲಿಂದಾಚೆ ನರಿ ಒಳಗಡೆ ಇಣುಕಿಯೂ ನೋಡಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು.

ಕೆಲವು ವಾರ ಕಳೆದವು. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು.

"ಇವಕ್ಕೇನಾಗಿದೆ?" ಎಂದು ಪಾಪಮ್ಮ ಕೇಳಿದಳು.

ನರಿ ಹೊಂಡದ ಕಡೆ ಮೂತಿ ತೋರಿಸಿತು. "ಅಮ್ಮಾ, ನಿಮ್ಮ ಹೆಸರು ಹೇಳ್ತಿವೆ. ಬಾಯಿ ನೋಡಿ. ಪಾ, ಪಾ."

ಪಾಪಮ್ಮ ಬಗ್ಗಿ ನೋಡಿದಳು. ಹೌದು, ಹಾಗೇ ಕಾಣುತ್ತಿತ್ತು.

"ಕೊನೆಯ 'ಮ್ಮ' ಎಲ್ಲಿ?"

"ಅದು ಒತ್ತಕ್ಷರ. ಮಕ್ಕಳಲ್ವಾ, ಕಲೀತಾವೆ."

ಪಾಪಮ್ಮನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಅಷ್ಟು ಅಕ್ಕರೆಯಿಂದ ಕರೆದಿರಲಿಲ್ಲ. ತನ್ನ ಊಟಕ್ಕೆಂದು ತಂದಿದ್ದ ಗೆದ್ದಲನ್ನೆಲ್ಲ ಮೀನುಗಳಿಗೆ ಸುರಿದಳು. ಅವು ತಿನ್ನಲಿಲ್ಲ. ಗೆದ್ದಲು ತಳಕ್ಕಿಳಿದು ಕೊಳೆಯಿತು. ಮರುದಿನ ಮೀನುಗಳು ಇನ್ನೂ ಜೋರಾಗಿ ಬಾಯಿ ಬಿಟ್ಟವು.

"ನಿನ್ನೆಗಿಂತ ಉಚ್ಚಾರ ಸುಧಾರಿಸಿದೆ," ಎಂದಿತು ನರಿ. ಪಾಪಮ್ಮ ಇನ್ನಷ್ಟು ಗೆದ್ದಲು ಹಾಕಿದಳು. ನರಿಗೆ ಇನ್ನಷ್ಟು ಜೇನು ಕೊಟ್ಟಳು.

ಒಂದು ಬೆಳಿಗ್ಗೆ ಪುಟ್ಟ ಮೀನೊಂದು ಅಂಗಾತ ತೇಲುತ್ತಿತ್ತು.

"ಸುಖನಿದ್ರೆ," ಎಂದಿತು ನರಿ.

ಪಾಪಮ್ಮ ಅದನ್ನು ಅಂಗೈಗೆ ತೆಗೆದುಕೊಂಡಳು. ಅದು ಅಲುಗಲಿಲ್ಲ. ಬಾಯಲ್ಲಿ ಇಟ್ಟುಕೊಂಡು ತಂದ ದಿನ ಅದು ಅವಳ ನಾಲಿಗೆಯ ಮೇಲೆ ಎಷ್ಟು ಒದ್ದಾಡಿತ್ತು ಎಂಬುದು ಅವಳಿಗೆ ನೆನಪಿತ್ತು. ಕರಡಿಯ ಮುಖ ಹತ್ತಿರ ಕಂಡರೆ ಮೀನುಗಳು ಹೆದರುತ್ತವೆಂದು ಅವಳು ಒಂದು ದಿನವೂ ನೀರಿಗೆ ಮುಖ ಇಳಿಸಿರಲಿಲ್ಲ. ಅವತ್ತು ಇಳಿಸಿದಳು. ಕಿವಿಯವರೆಗೂ ಮುಳುಗಿಸಿದಳು. ಕಣ್ಣು ಉರಿಯಿತು. ಮೀನಿನ ಮಾತು ನೀರಿನೊಳಗೇ ಕೇಳುವುದು.

"ನನ್ನ ಹೆಸರು ಕೂಗ್ತಿದ್ರಂತೆ?" ಎಂದು ಕೇಳಿದಳು.

"ಹೆಸರೂ ಇಲ್ಲ ಗಿಸರೂ ಇಲ್ಲ ತಾಯಿ," ಎಂದಿತು ಕೆಂಚಿ ಎಂಬ ಮುದಿ ಮೀನು. "ಉಸಿರು ಕಟ್ತಿದೆ. ಗಡಿಗೆಯ ತೂತಿನಿಂದ ಒಂದು ಹನಿ ಬಿದ್ದು ಎಷ್ಟು ಕಾಲವಾಯಿತೋ. ನೀನು ನೋಡಿದರೆ ಹೊಟ್ಟೆಗೆ ಸುರೀತೀಯ."

ಪಾಪಮ್ಮ ತಲೆ ಎತ್ತಿದಳು. ಅಷ್ಟರಲ್ಲಿ ಆನೆ ಬಂದು ಎಂದಿನಂತೆ ಗಡಿಗೆಗೆ ನೀರು ಹೊಯ್ಯಿತು. ಒಂದು ಹನಿಯೂ ತೂತಿನಿಂದ ಇಳಿಯಲಿಲ್ಲ. ನೀರೆಲ್ಲ ಕಂಠದಿಂದ ಉಕ್ಕಿ, ಹೊಳೆಯುವ ಹೊರಮೈ ಮೇಲೆ ಹರಿದು, ಇದ್ದ ಹಾಗೇ ಹೊಂಡಕ್ಕೆ ಬಿತ್ತು.

"ಹೀಗೆ ಎಷ್ಟು ದಿನದಿಂದ?"

"ತುಂಬ ದಿನದಿಂದ," ಎಂದಿತು ಆನೆ. "ನನಗೆ ಹೊಯ್ಯೋಕೆ ಹೇಳಿದ್ರಿ. ನೋಡೋಕೆ ಹೇಳಿರಲಿಲ್ಲ."

ಪಾಪಮ್ಮ ನರಿಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನಾರು ಅಲುಬಿದ್ದೀಯಾ?"

"ದಿನಾ ಅಲುಬ್ತೀನಿ. ನೀರು ಎಳನೀರಿದ್ದ ಹಾಗಿದೆ."

"ಹಾಗಾದರೆ ಕುಡಿ."

ನರಿ ಬಾಯಾರಿಕೆ ಇಲ್ಲವೆಂದಿತು. ಆನೆ ಅದರ ಬೆನ್ನ ಹಿಂದೆ ಬಂದು ನಿಂತಿತು. ನರಿಗೆ ಕೂಡಲೇ ಬಾಯಾರಿಕೆಯಾಯಿತು. ಹೊಟ್ಟೆ ತುಂಬ ಕುಡಿಯಿತು. ಆಮೇಲೆ ಬಹಳ ದಿನ ಅದು ಲಂಟಾನ ಪೊದೆಯ ಹಿಂದೆಯೇ ಕಾಲ ಕಳೆಯಿತು. ಆ ಪೊದೆಯ ಹತ್ತಿರ ಯಾರೂ ಸುಳಿಯಲಿಲ್ಲ.

ಆನೆ ದೂರದ ಹೊಳೆಯಿಂದ ದಿನಕ್ಕಿಷ್ಟು ಹೊಸ ನೀರು ತಂದು ಬೆರೆಸಿತು. ಪಾಪಮ್ಮ ಉಗುರು ಮಡಚಿಕೊಂಡು ಕೈಯ ಹಿಂಬದಿಯಿಂದ ಮೆಲ್ಲಗೆ ನಾರು ಅಲುಬಿದಳು. ಮೊದಲ ದಿನ ಅದಕ್ಕೆ ಬೆಳಗಿನಿಂದ ಸಂಜೆಯಾಯಿತು. ಕೆಂಚಿ ಬದುಕಿತು, ಉಳಿದವೂ ಬದುಕಿದವು. ಸತ್ತ ಪುಟ್ಟ ಮೀನು ಮಾತ್ರ ತಿರುಗಿ ಬರಲಿಲ್ಲ. ಪಾಪಮ್ಮ ಅದಕ್ಕಾಗಿ ಅತ್ತಳು, ನರಿಯನ್ನು ಬೈದಳು, ಆಮೇಲೆ ನರಿಗಿಂತ ಹೆಚ್ಚಾಗಿ ತನ್ನನ್ನೇ ಬೈದುಕೊಂಡಳು.

ನರಿ ಎದ್ದು ಓಡಾಡುವಂತಾದ ಮೇಲೆ ಬೇರೆ ಕಡೆ ಕೆಲಸ ಕೇಳಲು ಹೊರಟಿತು. ಮೊಲ ತನ್ನ ಬಿಲ ಗುಡಿಸಲು ಹೇಳಿತು. ನರಿ ಸ್ವಲ್ಪ ಹೊತ್ತಿಗೆಲ್ಲ ಹೊರಗೆ ಬಂದು, "ಆಯ್ತು, ಬಿಲ ಕನ್ನಡಿ ಇದ್ದ ಹಾಗಿದೆ" ಎಂದಿತು. ಮೊಲ ಒಳಗೆ ಹೋಗಿ ನೋಡಲೂ ಇಲ್ಲ.

"ಒಳ್ಳೇದು," ಎಂದಿತು ಮೊಲ. "ಗುಡಿಸಿದ ಕಸ ಎಲ್ಲಿದೆ, ಮೊದಲು ಅದನ್ನ ತೋರಿಸು."

ನೀತಿ: ಗಡಿಗೆಯ ಹೊರಗೆ ಹೊಳಪಿದ್ದ ಮಾತ್ರಕ್ಕೆ ಮೀನು ಬದುಕುವುದಿಲ್ಲ, ಒಳಗಿನ ನಾರು ಚೊಕ್ಕವಾಗಿರಬೇಕು. ಜೀವ ಸಾಕಿದವರು ಹೊಗಳಿಕೆಗೆ ಕಿವಿ ಕೊಡದೆ ಅದರ ಉಸಿರಿಗೆ ಕಿವಿ ಕೊಡಬೇಕು.